ಮೊದಲ ನೀರಿನ ಸೀಸೆಗಳು

ಮೊದಲ ಹಾಳೆ (ಕೊನೆಯಲ್ಲಿ ಬರೆದು ಇಲ್ಲಿ ಅಂಟಿಸಿದ್ದು)

ಮೊತ್ತ ಮೊದಲ ಹಾಳೆಯಲ್ಲೇ ಕಾಣಬೇಕು, ವಿವರ ಬೇಕಾದವರು ಮುಂದೆ ಹೋಗಲಿ. ನಾನು ವ್ಯಾಪಾರಕ್ಕೆ ಇಳಿದ ದಿನದಿಂದ ಇಟ್ಟುಕೊಂಡ ಪದ್ಧತಿ ಇದು. ಆದ್ದರಿಂದ ಈ ಪ್ರಕರಣಕ್ಕೆ ಒಟ್ಟು ತಗುಲಿದ್ದನ್ನು ಬರೆದುಬಿಡುತ್ತೇನೆ. ಗಾಜಿನ ಸೀಸೆ, ಒಂದು ಪೆಟ್ಟಿಗೆ. ಬಂಗಾರ, ಕಿವಿಯೋಲೆಯ ತಿರುಪಿನಷ್ಟೂ ಇಲ್ಲ. ಗೋದಾಮಿನ ಹಿಂದಿನ ಕೋಣೆ, ಕಿಟಕಿ ಸಮೇತ. ನನ್ನ ನಾಲಿಗೆಯ ರುಚಿ, ಕೆಲವು ದಿನ. ಒಬ್ಬ ಗುಮಾಸ್ತನ ನೆಮ್ಮದಿ. ಇದನ್ನು ಯಾವ ಕಾಲಮ್ಮಿನಲ್ಲಿ ಹಾಕುವುದೋ ತಿಳಿಯದೆ ಅಂಚಿನಲ್ಲಿ ಬರೆದಿದ್ದೇನೆ. ಮಾತು ಎಷ್ಟು ಖರ್ಚಾಯಿತೋ ಲೆಕ್ಕವಿಟ್ಟಿಲ್ಲ. ಅದು ನನ್ನ ಬಳಿ ಯಾವತ್ತೂ ಸ್ಟಾಕಿನಲ್ಲಿರುವ ಸರಕು.

ಮಾರ್ಚ್ 3, ಸೋಮವಾರ

ಸೊಸೆಯ ಸಂಶೋಧನಾಲಯದವರು ಅವಳ ಕೆಲಸ ನಿಲ್ಲಿಸಿದ್ದಾರೆ. ಕಾರಣವನ್ನು ಎರಡು ಪುಟ ಬರೆದಿದ್ದಾರೆ. ಮಗ ಓದಿ ಒಂದೇ ಮಾತಿನಲ್ಲಿ ಹೇಳಿದ: ತಡವಾಯಿತಂತೆ. ಅವನು ನಮ್ಮ ಬಾಟಲಿ ಲೋಡುಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವವನು. ತಡ ಅಂದರೇನೆಂದು ಅವನಿಗೆ ಚೆನ್ನಾಗಿ ಗೊತ್ತು.

ಅವಳ ಸಾಮಾನನ್ನೆಲ್ಲ ಗೋದಾಮಿನ ಹಿಂದಿನ ಕೋಣೆಗೆ ತಂದು ಇಳಿಸಿದೆವು. ಒಂದು ಫ್ರಿಜ್ಜು, ಒಂದು ತಕ್ಕಡಿ (ಕಣ್ಣಿನ ರೆಪ್ಪೆಗೂದಲನ್ನೂ ತೂಗುತ್ತದಂತೆ, ನನ್ನ ವ್ಯಾಪಾರದಲ್ಲಿ ಇಂಥ ತಕ್ಕಡಿ ಇದ್ದಿದ್ದರೆ ದಿವಾಳಿಯೇ), ಹಳೆಯ ಸೀಸೆಗಳು ಒಂದಷ್ಟು.

"ಇನ್ನೇನಮ್ಮಾ ಯೋಚನೆ?" ಎಂದೆ.

"ಯಾರಾದ್ರೂ ಆಸ್ಪತ್ರೆಯವರು ಒಂದು ಸಲ ನೋಡಿದ್ರೆ ಸಾಕು ಮಾವ. ನೋಡೋರು ಸಿಗಲಿಲ್ಲ ಅಂದ್ರೆ ಸೋಪಿನ ಕಂಪನಿಯವರು ಕರೆದಿದ್ದಾರೆ. ಮುಂದಿನ ತಿಂಗಳು ಹೋಗ್ತೀನಿ."

"ಅಲ್ಲೇನು ಕೆಲಸ?"

"ನೊರೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ಅಳೆಯೋದು."

ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವನ್ನು ನಾನು ನಂಬುವುದಿಲ್ಲ, ಗಿರಾಕಿಯದ್ದಾದರೂ ಸರಿ, ಸೊಸೆಯದ್ದಾದರೂ ಸರಿ.

ಮಧ್ಯಾಹ್ನ ದೊಡ್ಡ ಆಸ್ಪತ್ರೆಗೆ ಹೋಗಿ, ಬಾಟಲಿಯ ಬಿಲ್ಲಿನ ನೆಪದಲ್ಲಿ ದೊಡ್ಡ ಡಾಕ್ಟರ ಕೋಣೆ ಹೊಕ್ಕು, ಅರ್ಧ ಗಂಟೆ ಮಾತಾಡಿದೆ. ಇಪ್ಪತ್ತೆಂಟಕ್ಕೆ ಬಂದು ನೋಡಲು ಒಪ್ಪಿದರು. ಒಪ್ಪಿದ್ದು ಸೊಸೆಯ ವಿದ್ಯೆಗಲ್ಲ, ನಾನು ಎದ್ದು ಹೋಗಲಿ ಅಂತ. ವ್ಯಾಪಾರದಲ್ಲಿ ಎರಡೂ ಒಂದೇ.

ಮಾರ್ಚ್ 6, ಗುರುವಾರ

ಮಾರಬೇಕಾದ ಸರಕು ಏನೆಂದು ಗೊತ್ತಿರಬೇಕಲ್ಲ. ಸೊಸೆಯ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆ.

ಬಂಗಾರವನ್ನು ಅವಳು ಕಣ ಕಣ ಮಾಡುತ್ತಾಳೆ. ಎಷ್ಟು ಸಣ್ಣದೆಂದರೆ, ಒಂದು ಕೂದಲೆಳೆಯ ಅಗಲದಲ್ಲಿ ಸಾವಿರಾರು ಕಣಗಳನ್ನು ಸಾಲಾಗಿ ನಿಲ್ಲಿಸಬಹುದು. ನೀರಿನಲ್ಲಿ ತೇಲುವ ಈ ಬಂಗಾರ ಹಳದಿ ಅಲ್ಲ, ದಾಳಿಂಬೆ ರಸದ ಕೆಂಪು. ಪ್ರತಿ ಕಣಕ್ಕೂ ಒಂದು ಕವಚ ತೊಡಿಸಿದ್ದಾಳೆ. ಮೂತ್ರಪಿಂಡ ಕೆಡಲು ಶುರುವಾದಾಗ ಮೂತ್ರದಲ್ಲಿ ಸೋರುವ ಒಂದು ಪದಾರ್ಥವಿದೆ. ಆ ಕವಚ ಅದನ್ನು ಹಿಡಿಯುತ್ತದೆ. ಹಿಡಿದ ಕಣಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ, ಗುಂಪಾದರೆ ಕೆಂಪು ಹೋಗಿ ನೀಲಿ.

"ಅಂದ್ರೆ ದೂರ ದೂರ ಇದ್ರೆ ಕೆಂಪು, ಹತ್ತಿರ ಬಂದ್ರೆ ನೀಲಿ. ನಮ್ಮ ನೆಂಟರ ಹಾಗೆ," ಎಂದೆ.

"ಹೌದು ಮಾವ. ಹತ್ತಿರ ಬಂದ ಮೇಲೆ ಬಿಡಿಸೋಕೆ ಆಗಲ್ಲ, ಅದೂ ಹಾಗೇ."

ಇವಳಿಗೆ ತಮಾಷೆ ಬರುತ್ತದೆಂದು ಮದುವೆಯಾಗಿ ಆರು ವರ್ಷದ ಮೇಲೆ ಗೊತ್ತಾಯಿತು.

ಬೇರೆ ಪರೀಕ್ಷೆಗಳಲ್ಲಿ ಕಾಣುವುದಕ್ಕೆ ವರ್ಷಗಟ್ಟಲೆ ಮುಂಚೆಯೇ ಇದರಲ್ಲಿ ಕಾಣಬಹುದು ಎಂದಳು. 'ಬಹುದು' ಎಂಬ ಪದವನ್ನು ನಾನು ಅಲ್ಲೇ ಬಿಟ್ಟು ಉಳಿದದ್ದನ್ನು ತಲೆಯಲ್ಲಿ ಇಟ್ಟುಕೊಂಡು ಬಂದೆ.

ಒಂದು ವಿಷಯ ಮಾತ್ರ ಕಣ್ಣಿಗೆ ಚುಚ್ಚಿತು. ಅವಳ ಸೀಸೆಗಳು ಮಂಕು, ಗೀರು ಬಿದ್ದವು. ಬಾಟಲಿ ವ್ಯಾಪಾರಿಯ ಸೊಸೆ ದೊಡ್ಡ ಡಾಕ್ಟರ ಮುಂದೆ ಇಂಥ ಸೀಸೆ ಇಡುವುದೇ? ಬಾಟಲಿ ತೊಳೆಯುವ ಮೇಸ್ತ್ರಿಗೆ ಸೊಸೆಯ ಎದುರೇ ಹೇಳಿದೆ: ಸೋಮವಾರ ಬೆಳಿಗ್ಗೆ ಎಲ್ಲರದಕ್ಕಿಂತ ಮೊದಲು ಸೊಸೆಯ ಸೀಸೆ ತೊಳೆಯಬೇಕು, ಹೊಸ ಪೆಟ್ಟಿಗೆ ಒಡೆದು, ಮೊದಲ ನೀರಿನಲ್ಲಿ. ಆತ ಏನೋ ಹೇಳಲು ಬಾಯಿ ತೆರೆದ. ಹೇಳಿದಷ್ಟು ಮಾಡಯ್ಯ ಎಂದೆ.

ಮಾರ್ಚ್ 10, ಸೋಮವಾರ

ಸೀಸೆಗಳು ಬಂದವು. ಕಿಟಕಿಯ ಬೆಳಕಿಗೆ ಹಿಡಿದರೆ ಇದೆಯೋ ಇಲ್ಲವೋ ಅನ್ನುವಷ್ಟು ಶುಭ್ರ. ಸೊಸೆ ಥ್ಯಾಂಕ್ಸ್ ಹೇಳಿ, ಇವನ್ನು ಡಾಕ್ಟರು ಬರುವ ದಿನಕ್ಕೇ ಇಡುತ್ತೇನೆ ಎಂದು ಕೆಂಪು ನೀರು ತುಂಬಿ ಫ್ರಿಜ್ಜಿನಲ್ಲಿ ಸಾಲಾಗಿ ನಿಲ್ಲಿಸಿದಳು. ಅಂಗಡಿಯ ಮುಂದೆ ಜೋಡಿಸಿದರೆ ಹೋಗುವವರು ನಿಂತು ಕೇಳಬೇಕು, ಹಾಗಿತ್ತು.

ಮಾರ್ಚ್ 12, ಬುಧವಾರ

ಸೊಸೆ ತವರಿಗೆ ಹೋಗಿದ್ದಳು. ನಾನು ಕಣ್ಣಾರೆ ನೋಡದ ಸರಕನ್ನು ಹೊಗಳುವವನಲ್ಲ. ಫ್ರಿಜ್ಜಿನಿಂದ ಎರಡು ಸೀಸೆ ತೆಗೆದೆ, ಒಂದು ನನಗೆ, ಒಂದು ಗುಮಾಸ್ತನಿಗೆ.

ಗುಮಾಸ್ತ ನನ್ನ ಜೊತೆ ಇಪ್ಪತ್ತೆರಡು ವರ್ಷದಿಂದ ಇದ್ದಾನೆ. ಒಂಟಿ ಜೀವ. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅವನಿಗೆ 'ಫುಲ್‌ಸ್ಟಾಪು' ಎಂದು ಹೆಸರಿಟ್ಟವನು ನಾನೇ.

ಸೊಸೆ ಹೇಳಿದ್ದಂತೆಯೇ ಅವರವರ ಸೀಸೆಗೆ ಅವರವರ ಮೂತ್ರದ ಹನಿ ಹಾಕಿ, ಟೀ ತರಿಸಿ ಕುಡಿಯುತ್ತಾ ಕಾದೆವು. ಲೋಟ ಕೆಳಗಿಡುವಷ್ಟರಲ್ಲಿ ಅವನ ಸೀಸೆ ನೀಲಿಯಾಯಿತು. ಮಳೆಯ ಮೋಡದ ನೀಲಿ.

"ಏನು ಹಾಗಂದ್ರೆ?" ಎಂದ.

ವಿವರಿಸಿದೆ. ವಿವರಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ.

"ಲ್ಯಾಬಿನಲ್ಲಿ ತೋರಿಸ್ಲಾ?"

"ಅಲ್ಲಿ ಏನೂ ಕಾಣಲ್ಲ ಕಣಯ್ಯಾ. ಅವರಿಗೆ ಕಾಣೋ ಹೊತ್ತಿಗೆ ಎಷ್ಟೋ ವರ್ಷ ಆಗಿರುತ್ತೆ. ಅದೇ ಇದರ ಹೆಚ್ಚುಗಾರಿಕೆ. ಇದು ಸುಳ್ಳು ಹೇಳೋ ಸರಕಲ್ಲ."

"ನಿಮ್ಮದು?"

ನನ್ನ ಸೀಸೆ ಮೇಜಿನ ಈ ಬದಿ, ಫೈಲಿನ ಹಿಂದೆ ಇತ್ತು. ನೋಡಿದೆ.

"ಕೆಂಪು," ಎಂದೆ.

ಅವನು ಹೋದ ಮೇಲೆ ಎರಡನ್ನೂ ತೊಟ್ಟಿಗೆ ಸುರಿದು ನಲ್ಲಿ ತಿರುಗಿಸಿದೆ. ಎರಡೂ ಒಂದೇ ಬಣ್ಣವಾಗಿದ್ದರಿಂದ ಯಾವುದು ಯಾರದೆಂದು ಕೊನೆಯಲ್ಲಿ ಗೊತ್ತಾಗಲಿಲ್ಲ.

ಮಾರ್ಚ್ 13, ಗುರುವಾರ

ಉಪ್ಪು ಬಿಟ್ಟೆ.

ಮಾರ್ಚ್ 15, ಶನಿವಾರ

ಮಗನನ್ನು ಕೂರಿಸಿಕೊಂಡು ಯಾವ ಗಿರಾಕಿಗೆ ಯಾವ ದರ, ಯಾರಿಗೆ ಹೆಚ್ಚು ಹೇಳಿ ಇಳಿಸಬೇಕು, ಯಾರಿಗೆ ಕಡಿಮೆ ಹೇಳಿ ಆಮೇಲೆ ಏರಿಸಬೇಕು ಎಲ್ಲವನ್ನೂ ಹೇಳಿಕೊಟ್ಟೆ. ಹೆತ್ತ ಮಗನಿಗೂ ಇಷ್ಟು ವರ್ಷ ಬಿಟ್ಟುಕೊಡದ ಗುಟ್ಟುಗಳು. "ಏನಪ್ಪಾ, ವ್ಯಾಪಾರ ಮಾರ್ತಿದ್ದೀಯಾ?" ಎಂದು ಕೇಳಿದ.

ಸಂಜೆ ಹೆಂಡತಿಯ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟುಕೊಟ್ಟೆ. ಕಿಟಕಿಯ ಕಿರುಗುಟ್ಟುವ ಕೀಲು ಸರಿ ಮಾಡಿದೆ. ಅವಳ ತಮ್ಮನನ್ನು ಹೊಗಳಿದೆ.

ಅವಳು ಸೂಜಿ ನಿಲ್ಲಿಸಿ ನನ್ನನ್ನೇ ನೋಡಿದಳು. "ಏನ್ರೀ, ಇಷ್ಟು ಒಳ್ಳೆಯವರಾಗಿದ್ದೀರಿ. ಮೈಯಲ್ಲಿ ಹುಷಾರಿಲ್ವಾ?"

"ಚೆನ್ನಾಗೇ ಇದ್ದೀನಿ."

"ಹಾಗಾದ್ರೆ ಉಪ್ಪು ಹಾಕ್ಕೊಳ್ಳಿ. ಬರೀ ಸಪ್ಪೆ ತಿಂದು ಸಪ್ಪೆ ಮಾತಾಡ್ತಿದ್ದೀರಿ."

ಈ ಹೆಂಗಸಿನ ಜೊತೆ ಮೂವತ್ತೆರಡು ವರ್ಷ ಕಳೆದಿದ್ದೇನೆ. ಹೊಲಿಯುವಾಗ ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಾಳೆ. ಇದು ಹೊಸ ಅಭ್ಯಾಸವೋ ಹಳೆಯದೋ ಕೇಳಲಿಲ್ಲ.

ಮಾರ್ಚ್ 17, ಸೋಮವಾರ

ಗುಮಾಸ್ತ ಹತ್ತು ಗಂಟೆಗೆ ಬಂದ. ಅವನು ತಡವಾಗಿ ಬಂದದ್ದು ಇದೇ ಮೊದಲು. ಕುರ್ಚಿಯಲ್ಲಿ ಕೂರಲಿಲ್ಲ.

"ಯಜಮಾನ್ರೇ, ಲ್ಯಾಬಿಗೆ ಹೋಗಿದ್ದೆ. ಏನೂ ಇಲ್ಲ ಅಂದ್ರು. ನೀವು ಮೊದಲೇ ಹೇಳಿದ್ರಲ್ಲ, ಅವರಿಗೆ ಕಾಣಲ್ಲ ಅಂತ. ಸರಿಯಾಗೇ ಹೇಳಿದ್ರಿ." ಅಲ್ಲಿಗೆ ಅವನ ದಿನದ ಮಾತು ಮುಗಿಯಬೇಕಿತ್ತು. ಮುಗಿಯಲಿಲ್ಲ.

"ಹೋಗೋ ಮೊದಲು ಎರಡು ಮಾತು ಹೇಳ್ತೀನಿ. ನೀವು ಜಿಪುಣರಲ್ಲ, ಅದಕ್ಕಿಂತ ಕಡೆ. ಜಿಪುಣರು ಸುಮ್ಮನಾದರೂ ಇರ್ತಾರೆ. ನನ್ನ ಕುರ್ಚಿಯ ಒಂದು ಕಾಲು ಮೋಟು ಅಂತ ಹನ್ನೊಂದು ವರ್ಷದಿಂದ ಹೇಳ್ತಿದ್ದೀನಿ. ಹೇಳಿದಾಗೆಲ್ಲ ಒಂದು ಕಥೆ ಹೇಳ್ತೀರಿ, ನೀವು ಬಾಟಲಿ ಗಾಡಿ ತಳ್ಳುತ್ತಿದ್ದ ಕಾಲದ್ದು. ಆ ಕಥೆಯಲ್ಲಿ ಗಾಡಿಗೆ ಒಂದು ಸಲ ಎರಡು ಚಕ್ರ, ಒಂದು ಸಲ ಮೂರು. ನನ್ನ ತಂಗಿ ಮದುವೆಗೆ ಬಂದು ಮಂಟಪದ ಮುಂದೆ ನಿಂತು ಬಾಟಲಿ ಆರ್ಡರ್ ತಗೊಂಡ್ರಿ. ನನಗೆ ಹೆಸರಿಟ್ರಲ್ಲ, ಫುಲ್‌ಸ್ಟಾಪು ಅಂತ. ವಾಕ್ಯ ಮುಗಿದ ಮೇಲಲ್ವಾ ಫುಲ್‌ಸ್ಟಾಪು? ನಿಮ್ಮದು ಯಾವತ್ತು ಮುಗೀತು, ನಾನು ಬರೋಕೆ?"

ಬೈಯುವಾಗಲೂ ಬಹುವಚನ ಬಿಡಲಿಲ್ಲ. ಆಮೇಲೆ ಬೀರುವಿನ ಕೀ ಮೇಜಿನ ಮೇಲಿಟ್ಟ.

"ಎಲ್ಲಿಗೆ ಹೋಗ್ತೀಯ?"

"ಮನೆಗೆ. ಕೂರೋದಕ್ಕೆ. ಅಲ್ಲಿನ ಕುರ್ಚಿಗೆ ನಾಲ್ಕೂ ಕಾಲಿದೆ."

ನಾನು ಏನಾದರೂ ಹೇಳಬಹುದಿತ್ತು. ನನ್ನದೂ ನೀಲಿ ಕಣಯ್ಯಾ ಎಂಬ ಮಾತು ಹಲ್ಲಿನ ತನಕ ಬಂತು. ಅಷ್ಟರಲ್ಲಿ ಫೋನು ಬಂತು, ಎಂಟುನೂರು ಬಾಟಲಿಯ ಆರ್ಡರು. ಬರೆದುಕೊಂಡೆ. ಬರೆದು ತಲೆ ಎತ್ತಿದರೆ ಅವನಿಲ್ಲ.

ಮಾರ್ಚ್ 19, ಬುಧವಾರ

ಡಾಕ್ಟರು ಬರುವ ಮೊದಲು ಒಂದು ರಿಹರ್ಸಲ್ ಮಾಡುತ್ತೇನೆಂದು ಸೊಸೆ ತನ್ನದೇ ಹನಿ ಹಾಕಿದಳು. ನೀಲಿ. ಮಗನದು ಹಾಕಿದಳು. ನೀಲಿ. ಹೆಂಡತಿಯದು, ನೀಲಿ. ಕೊನೆಗೆ ಹನಿಯಲ್ಲಿ ಏನಿರಬಹುದೋ ಅದನ್ನೆಲ್ಲ ತಾನೇ ತೂಗಿ ಬೆರೆಸಿ, ಆ ಸೋರುವ ಪದಾರ್ಥ ಒಂದನ್ನು ಮಾತ್ರ ಬಿಟ್ಟು, ಹಾಕಿದಳು. ಅದೂ ನೀಲಿ.

ಅವಳು ಸ್ಟೂಲಿನ ಮೇಲೆ ಕುಸಿದು ಕೂತಳು. ನಾನು ಕಿಟಕಿಯತ್ತ ತಿರುಗಿದೆ. ಮುಖ ಅವಳಿಗೆ ಕಾಣಬಾರದಿತ್ತು. ನನಗೆ ರೋಗವಿಲ್ಲ! ಸೊಸೆಯ ಒಂಬತ್ತು ವರ್ಷದ ಕೆಲಸ ಕಣ್ಣೆದುರೇ ನೀಲಿಯಾಗುತ್ತಿದೆ, ನನಗೋ ಕುಣಿಯುವಷ್ಟು ಸಂತೋಷ. ರಾತ್ರಿ ಊಟಕ್ಕೆ ಎರಡು ಸಲ ಉಪ್ಪು ಕೇಳಿ ಹಾಕಿಸಿಕೊಂಡೆ. ರುಚಿ ಬರಲಿಲ್ಲ, ಯಾಕೋ.

ಮಾರ್ಚ್ 21, ಶುಕ್ರವಾರ

ಉಳಿದಿರುವುದು ಒಂದು ವಾರ. ಸೊಸೆ ದಿನಕ್ಕೊಂದನ್ನು ಬದಲಿಸುತ್ತಿದ್ದಾಳೆ. ನಿನ್ನೆ ಬಂಗಾರ ಹೊಸದಾಗಿ ಮಾಡಿದಳು. ನೀಲಿ. ಇವತ್ತು ಕವಚ ಹೊಸದು. ನೀಲಿ. ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಗಡಿಯಾರ ನೋಡಿ, ಮೂರು ಮೂರು ಸಲ.

"ಎಲ್ಲಾ ಒಟ್ಟಿಗೆ ಬದಲಾಯಿಸಿಬಿಡಮ್ಮಾ," ಎಂದೆ. "ಸರಿ ಹೋಗುತ್ತೆ."

"ಹೋಗಬಹುದು ಮಾವ. ಯಾಕೆ ಸರಿ ಹೋಯ್ತು ಅಂತ ಮಾತ್ರ ಗೊತ್ತಾಗಲ್ಲ."

"ಗೊತ್ತಾಗಿ ಏನಾಗಬೇಕು?"

ಸೊಸೆ ಇನ್ನೊಂದು ಚೀಟಿ ಅಂಟಿಸಿದಳು. ಮಧ್ಯಾಹ್ನವೆಲ್ಲ ಕೂತು ನೋಡಿದೆ. ಇಷ್ಟು ಹೊತ್ತು ಬಾಯಿ ಮುಚ್ಚಿ ಒಂದು ಕಡೆ ಕೂತದ್ದು ಹಲ್ಲು ಕೀಳಿಸಿದ ದಿನ ಬಿಟ್ಟರೆ ಇವತ್ತೇ.

ಮಾರ್ಚ್ 23, ಭಾನುವಾರ

ಇವತ್ತಿನ ಸರದಿ ಸೀಸೆಯದು. ಅದೇ ನೀರು, ಅದೇ ಹನಿ, ಅವಳ ಗೀರು ಬಿದ್ದ ಹಳೆಯ ಸೀಸೆ. ಕೆಂಪು. ಮತ್ತೆ ಕೆಂಪು. ಮೂರನೆಯದೂ ಕೆಂಪು.

"ಮಾವ, ಈ ಹೊಸ ಸೀಸೆ ಯಾವ ನೀರಲ್ಲಿ ತೊಳೆದದ್ದು?"

ಹೇಳಿದೆ. ನಮ್ಮ ಬೋರಿನ ನೀರು ಗಡಸು, ಬಾಟಲಿಯ ಮೇಲೆ ಬಿಳಿ ಕಲೆ ಬಿಡುತ್ತದೆ. ಆದ್ದರಿಂದ ಅದನ್ನು ಸಾಫ್ಟನರ್ ಯಂತ್ರದಲ್ಲಿ ಹಾಯಿಸುತ್ತೇವೆ. ಆ ಯಂತ್ರಕ್ಕೆ ಪ್ರತಿ ಭಾನುವಾರ ಮೂಟೆ ಉಪ್ಪು ತಿನ್ನಿಸಬೇಕು, ಇಲ್ಲದಿದ್ದರೆ ಅದು ಕೆಲಸ ಮಾಡುವುದಿಲ್ಲ. ಸೋಮವಾರ ಬೆಳಿಗ್ಗೆ ಮೊದಲು ಬರುವ ನೀರು ಉಪ್ಪುಪ್ಪು. ಅದನ್ನು ನಾವು ಯಾವತ್ತೂ ಚರಂಡಿಗೆ ಬಿಡುತ್ತೇವೆ, ಆಮೇಲಿನದರಲ್ಲಿ...

ಅಲ್ಲಿಗೆ ನಿಲ್ಲಿಸಿದೆ.

"ಎಲ್ಲರದಕ್ಕಿಂತ ಮೊದಲು ಅಂದಿದ್ರಿ," ಎಂದಳು ಸೊಸೆ.

"ಮರ್ಯಾದೆಗೆ," ಎಂದೆ.

ಸೀಸೆಯ ಉಪ್ಪು ಮಾತ್ರ ಇದ್ದಿದ್ದರೆ ಕಣಗಳು ತಡೆಯುತ್ತಿದ್ದವಂತೆ, ಹನಿಯಲ್ಲಿರುವ ಉಪ್ಪು ಮಾತ್ರ ಇದ್ದಿದ್ದರೂ ತಡೆಯುತ್ತಿದ್ದವಂತೆ. ಎರಡೂ ಸೇರಿದಾಗ ರೋಗವಿರಲಿ ಇಲ್ಲದಿರಲಿ ಹೋಗಿ ಅಂಟಿಕೊಳ್ಳುತ್ತವೆ. ಅವಳು ಸೀಸೆಗಳನ್ನು ಎಣಿಸಿದಳು.

"ಎರಡು ಕಡಿಮೆ ಇದೆ ಮಾವ."

ಒಪ್ಪಿದೆ. ಒಂದು ನನ್ನದು, ಒಂದು ಗುಮಾಸ್ತನದು.

"ಅವರಿಗೆ ಹೇಳಿದ್ರಾ?"

"ಹೇಳಿದೆ."

"ಏನಂತ?"

"ಸುಳ್ಳು ಹೇಳೋ ಸರಕಲ್ಲ ಅಂತ."

ಈ ಹುಡುಗಿ ಸಿಟ್ಟಾಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ದನಿ ಏರಲಿಲ್ಲ, ಇಳಿಯಿತು. "ಸೀಸೆಯ ತಪ್ಪು ನನ್ನದು. ಹೊಳೀತಿದೆ ಅಂತ ನೋಡದೆ ತಗೊಂಡೆ. ಹೇಳಿದ ತಪ್ಪು ನಿಮ್ಮದು. ಎದ್ದು ಹೋಗಿ ಮಾವ, ಈಗಲೇ."

ಎದ್ದೆ.

ಮಾರ್ಚ್ 23, ಅದೇ ದಿನ, ಸಂಜೆ

ಗುಮಾಸ್ತನ ಮನೆ ಮೂರನೇ ಮಹಡಿ. ಇಪ್ಪತ್ತೆರಡು ವರ್ಷದಲ್ಲಿ ಮೆಟ್ಟಿಲು ಹತ್ತಿದ್ದು ಮೊದಲ ಸಲ. ಒಂದು ಕೋಣೆ, ಒಂದು ಕುರ್ಚಿ. ಬಟ್ಟೆಗಳನ್ನು ಮಡಚಿ ಮೂರು ಗಂಟು ಕಟ್ಟಿ, ಯಾರಿಗೆ ಯಾವುದು ಎಂದು ಮೇಲೆ ಬರೆದಿಟ್ಟಿದ್ದಾನೆ. ಬೀರುವಿನ ಸರಕು ವಿಂಗಡಿಸುವಾಗ ಬರೆಯುವ ಅದೇ ದುಂಡು ಅಕ್ಷರ.

ಬಂದ ವಿಷಯ ಹೇಳಿದೆ. ಕೆಂಪು ನೀರು ತುಂಬಿದ ಹಳೆಯ ಸೀಸೆ ಒಂದನ್ನು ತಂದಿದ್ದೆ. ಅವನ ಎದುರೇ ಅವನ ಹನಿ ಹಾಕಿ ನೋಡಿದೆ. ಕೆಂಪು.

ಅವನು ಸೀಸೆ ನೋಡಲಿಲ್ಲ, ನನ್ನನ್ನು ನೋಡಿದ. "ಆವತ್ತು ಸುಳ್ಳು ಹೇಳಲ್ಲ ಅಂದ್ರಿ. ಇವತ್ತು ಆವತ್ತಿಂದು ಸುಳ್ಳು ಅಂತೀರಿ. ನೀಲಿ ಬಂದ್ರೆ ನಂಬಬಾರದು, ಕೆಂಪು ಬಂದ್ರೆ ನಂಬಬೇಕು. ಹಾಗಾ?"

"ಲ್ಯಾಬಿನವರೂ ಏನೂ ಇಲ್ಲ ಅಂದ್ರಲ್ಲಯ್ಯಾ."

"ಅವರಿಗೆ ಕಾಣಲ್ಲ ಅಂದಿದ್ದು ಯಾರು?"

ಎಲ್ಲಾ ಬಾಗಿಲಿಗೂ ನಾನೇ ಬೀಗ ಜಡಿದು ಬಂದಿದ್ದೆ.

"ನಿಮ್ಮದು ಕೆಂಪೇ ಬಂತಲ್ಲ ಆವತ್ತು," ಎಂದ.

"ನನ್ನದೂ ನೀಲಿ."

ಅವನು ಕುರ್ಚಿಯಿಂದ ಎದ್ದು ಅದನ್ನು ನನ್ನತ್ತ ಸರಿಸಿದ. "ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಬಂದಿದ್ದೀರಿ." ಅವನು ಗಂಟುಗಳ ಮೇಲೆ ಕೂತ. "ನಿಜ ಹೇಳಿ ಯಜಮಾನ್ರೇ. ನನಗೆ ಇದೆಯೋ, ಇಲ್ಲವೋ?"

"ನನಗೆ ಗೊತ್ತಿಲ್ಲ. ಇಲ್ಲ ಅಂತ ಅನ್ಸುತ್ತೆ. ನೀಲಿ ಬಂದದ್ದು ಉಪ್ಪಿನಿಂದ, ಅಷ್ಟು ಮಾತ್ರ ಗೊತ್ತು."

"ಇದನ್ನ ನಂಬಬಹುದು," ಎಂದು ಗಂಟು ಬಿಚ್ಚಲು ಶುರು ಮಾಡಿದ. ಮೊದಲು ಸ್ವೆಟರು ತೆಗೆದ. ಅದರ ಮೇಲೆ ನನ್ನ ಹೆಸರಿತ್ತು.

ಮಾರ್ಚ್ 28, ಶುಕ್ರವಾರ

ದೊಡ್ಡ ಡಾಕ್ಟರು ಇಬ್ಬರು ಸಹಾಯಕರ ಜೊತೆ ಬಂದರು. ಇಪ್ಪತ್ತು ಜನರ ಹನಿ ತಂದಿದ್ದರು, ಹೆಸರಿಲ್ಲ, ಬರೀ ನಂಬರು. ಯಾರಿಗೆ ರೋಗವಿದೆ, ಯಾರಿಗಿಲ್ಲ ಎಂಬುದು ಅವರ ಜೇಬಿನಲ್ಲಿ. ಸೊಸೆ ಗೀರು ಬಿದ್ದ ಸೀಸೆಗಳನ್ನೇ ಸಾಲಾಗಿ ಇಟ್ಟಳು. ನನಗೆ ಈ ಸಲ ಅವು ಮಂಕು ಅನ್ನಿಸಲಿಲ್ಲ, ಬೆಳಕು ಚೆನ್ನಾಗಿತ್ತೇನೋ.

ಟೀ ಮುಗಿಯಿತು. ಡಾಕ್ಟರು ಚೀಟಿ ತೆಗೆದು ಒಂದೊಂದೇ ಹೋಲಿಸಿದರು. ಸರಿ, ಸರಿ, ಸರಿ. ಹದಿಮೂರನೆಯದರಲ್ಲಿ ನಿಂತರು. ಸೀಸೆ ನೀಲಿ. ಚೀಟಿಯಲ್ಲಿ ಆರೋಗ್ಯವಂತರು ಎಂದಿದೆ. ಉಳಿದದ್ದೆಲ್ಲ ಸರಿ.

"ಇವರಿಗೆ ನಮ್ಮ ಎಲ್ಲಾ ಟೆಸ್ಟೂ ಆಗಿದೆ," ಎಂದರು. "ಏನೂ ಇಲ್ಲ. ಹಾಗಾದ್ರೆ ಇದು ನಮಗಿಂತ ಮುಂಚೆ ಕಂಡುಹಿಡಿದಿದೆ ಅಂತೀರಾ?" ಕೇಳಿದ್ದು ಸೊಸೆಯನ್ನಲ್ಲ, ನನ್ನನ್ನು. ನನ್ನ ಮಾತಿಗೇ ಬಂದವರಲ್ಲವೇ. ಅವರ ಮುಖದಲ್ಲಿ ಆಸೆಯಿತ್ತು. ಹೂಂ ಅಂದರೆ ಸಾಕು, ಅಲ್ಲೇ ಕೈ ಕುಲುಕುತ್ತಾರೆ. ಅಂಥ ಮುಖಗಳನ್ನು ನಾನು ದೂರದಿಂದಲೇ ಗುರುತಿಸುತ್ತೇನೆ.

ಸೊಸೆ ನನ್ನತ್ತ ನೋಡಲಿಲ್ಲ. ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

"ಇರಬಹುದು ಡಾಕ್ಟ್ರೇ," ಎಂದೆ. "ಇಲ್ಲದೆಯೂ ಇರಬಹುದು. ಗೊತ್ತಿಲ್ಲ. ಗೊತ್ತಾಗೋ ತನಕ ಅವರಿಗೆ ಹೇಳಬೇಡಿ."

"ಏನ್ರೀ ಇದು, ಆವತ್ತು ಅರ್ಧ ಗಂಟೆ ಬೇರೆಯೇ ಹೇಳಿದ್ರಿ?"

"ಆವತ್ತು ನಾನು ನೋಡಿರಲಿಲ್ಲ."

ಡಾಕ್ಟರು ಚೀಟಿ ಮಡಚಿದರು. ಕೊಳ್ಳುವ ಮಾತು ಆಡಲಿಲ್ಲ. ಸೊಸೆಯನ್ನು ಕಿಟಕಿಯ ಬಳಿ ಕರೆದು ಬಹಳ ಹೊತ್ತು ಮಾತಾಡಿದರು. ನನಗೆ ಕೇಳಿಸಿದ್ದು ತುಂಡು ತುಂಡು. ಒಂದು ವರ್ಷ, ಇನ್ನೂರು ಜನ, ಅವರ ಒಪ್ಪಿಗೆ ತೆಗೆದುಕೊಂಡೇ, ಉತ್ತರ ಖಚಿತವಾಗುವ ತನಕ ಯಾರಿಗೂ ಹೇಳದೆ. ಹೊರಡುವಾಗ ಅವರೇ ಹೆಚ್ಚು ಮಾತಾಡಿದರು, ನಾನು ಕಡಿಮೆ. ಹವೆ ಬದಲಾಗುತ್ತಿದೆ, ಅದಕ್ಕೇನೋ.

ಮಾರ್ಚ್ 31, ಸೋಮವಾರ

ತಿಂಗಳ ಕೊನೆ. ಯಾರಿಗೆ ಏನು ಬಂತೋ ಬರೆದು ಮುಗಿಸುತ್ತೇನೆ.

ದೊಡ್ಡ ಡಾಕ್ಟರಿಗೆ: ಬಾಟಲಿಯ ದರದಲ್ಲಿ ಸಣ್ಣ ರಿಯಾಯಿತಿ. ಕೇಳಿರಲಿಲ್ಲ, ನಾನೇ ಕೊಟ್ಟೆ.

ಸೊಸೆಗೆ: ಆಸ್ಪತ್ರೆಯ ಲ್ಯಾಬಿನಲ್ಲಿ ಒಂದು ಮೇಜು, ಫ್ರಿಜ್ಜಿನಲ್ಲಿ ಎರಡು ಅಟ್ಟ, ಒಂದು ವರ್ಷ. ಸೋಪಿನವರಿಗೆ ಬರುವುದಿಲ್ಲ ಎಂದು ತಿಳಿಸಿದ್ದಾಳೆ.

ಮಗನಿಗೆ: ನನ್ನ ಎಲ್ಲಾ ದರಗಳ ಗುಟ್ಟು. ವಾಪಸು ಕೇಳಿದೆ, ನಗುತ್ತಾನೆ.

ಹೆಂಡತಿಗೆ: ಎಣ್ಣೆ ಬಿಟ್ಟ ಮಿಷನ್ನು. ಅಡುಗೆಗೆ ಉಪ್ಪು ಸಾಕೋ ಎಂದು ಈಗ ದಿನವೂ ಅವಳೇ ಕೇಳುತ್ತಾಳೆ, ಉತ್ತರಕ್ಕೂ ಕಾಯುತ್ತಾಳೆ.

ಗುಮಾಸ್ತನಿಗೆ: ಹೊಸ ಕುರ್ಚಿ. ಇವತ್ತು ಬೆಳಿಗ್ಗೆ ಬಂದು ಕೂತ. ಹಿಂದೆ ಮುಂದೆ ಅಲುಗಾಡಿಸಿ ನೋಡಿ, ಅಲುಗದಿದ್ದುದಕ್ಕೆ ಬೇಸರಪಟ್ಟವನಂತೆ ಕಂಡ. ಮಧ್ಯಾಹ್ನದ ತನಕ ಹದಿನೈದು ಮಾತಾದರೂ ಆಡಿದ್ದಾನೆ, ಹೆಚ್ಚಿನವು ನನ್ನ ವಿರುದ್ಧ.

ನನಗೆ: ಒಂದು ಹಳೆಯ ಸ್ವೆಟರು. ತೋಳು ಉದ್ದ.

ಹದಿಮೂರನೇ ಸೀಸೆಯವರಿಗೆ:
ಅವರು ಯಾರೋ ಗೊತ್ತಿಲ್ಲ. ಹೆಂಗಸೋ ಗಂಡಸೋ ಅದೂ ತಿಳಿಯದು. ಮುಂದಿನ ಮಾರ್ಚಿಗೆ ಮತ್ತೆ ನೋಡಬೇಕು ಎಂದಳು ಸೊಸೆ. ಈ ಸಾಲಿಗೆ ಜಾಗ ಬಿಟ್ಟಿದ್ದೇನೆ.